ಕಾರ್ನ್ ಡಾಗ್: ಈ ಹೆಸರಿನ ಅರ್ಥವೇನು, ಕನ್ನಡದಲ್ಲಿ ಹೇಗೆ ಬರೆಯುವುದು?

ಪ್ರಶ್ನೆ: ಹಸ್ತಪ್ರತಿ

ಅಮೆರಿಕದ ಒಂದು ಸಣ್ಣಕಥೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕಥೆ ನಡೆಯುವುದು ಡಲ್ಲಾಸ್‌ನಲ್ಲಿ, ಟೆಕ್ಸಾಸ್ ಸ್ಟೇಟ್ ಫೇರ್‌ನ ಒಂದು ಸಂಜೆ. ಅದರಲ್ಲಿ ‘ಕಾರ್ನ್ ಡಾಗ್’ ಎಂಬ ತಿನಿಸು ಮತ್ತೆ ಮತ್ತೆ ಬರುತ್ತದೆ. ಈ ಕೆಳಗಿನ ವಿಷಯಗಳಲ್ಲಿ ತಿಳಿದವರು ನೆರವಾಗಬೇಕು.

ಮೊದಲ ಕರಡಿನಲ್ಲಿ ‘ಜೋಳ ತುಂಬಿದ ಹಾಟ್ ಡಾಗ್’ ಎಂದು ಬರೆದೆ. ಹಾಟ್ ಡಾಗ್ ಎಂದರೆ ಬನ್ನಿನೊಳಗೆ ಸಾಸೇಜು, ಅಂದರೆ ಕೊಳವೆಯಾಕಾರದ ಮಾಂಸದ ತಿನಿಸು, ಇಟ್ಟದ್ದು. ಆದರೆ ಕಥೆಯಲ್ಲಿ ಬನ್ನಿನ ಮಾತೇ ಇಲ್ಲ. ಹುಡುಗಿ ಅದನ್ನು ಕಡ್ಡಿ ಹಿಡಿದು ತಿನ್ನುತ್ತಾಳೆ. ಹಾಗಾದರೆ ‘ಕಾರ್ನ್’ ಇರುವುದೆಲ್ಲಿ? ಅಂಗಡಿಯ ಹಲಗೆಯ ಮೇಲೆ ‘ಕಾರ್ನಿ ಡಾಗ್’ ಎಂದಿದೆ. ಆರೆಗನ್ ರಾಜ್ಯದಿಂದ ಬಂದ ಚಿಕ್ಕಪ್ಪ ಅದನ್ನೇ ‘ಪ್ರಾಂಟೊ ಪಪ್’ ಎನ್ನುತ್ತಾನೆ. ಮೂರೂ ಒಂದೆಯೇ, ಬೇರೆ ಬೇರೆಯೇ? ‘ಕಾರ್ನ್‌ಮೀಲ್’ ಎಂದಿರುವಲ್ಲಿ ಕಾರ್ನ್‌ಫ್ಲೋರ್ ಎಂದು ಹಾಕಬಹುದೇ?

ಇನ್ನೊಂದು ಸನ್ನಿವೇಶ. ಅಂಗಡಿಗೆ ಹೊಸದಾಗಿ ಸೇರಿದ ಹುಡುಗ ಕರಿಯುವಾಗ ಹಿಟ್ಟೆಲ್ಲ ಎಣ್ಣೆಯಲ್ಲೇ ಕಳಚಿಕೊಳ್ಳುತ್ತದೆ. ಒಡೆಯ ಬೈಯುವುದಿಲ್ಲ, ‘ಒರೆಸಿದೆಯಾ?’ ಎಂದಷ್ಟೇ ಕೇಳುತ್ತಾನೆ. ಏನನ್ನು ಒರೆಸುವುದು? ಇದು ಗೊತ್ತಾಗದೆ ಆ ಸಾಲು ಮುಂದಕ್ಕೆ ಹೋಗುತ್ತಿಲ್ಲ.


ಉತ್ತರ 1: ಪದಮೂಲ

‘ಜೋಳ ತುಂಬಿದ’ ಎಂಬುದನ್ನು ಮೊದಲು ತೆಗೆದುಬಿಡಿ. ಒಳಗೆ ಒಂದು ಕಾಳೂ ಇರುವುದಿಲ್ಲ. ಕಾರ್ನ್ ಇರುವುದು ಹೊರಗೆ, ಹಿಟ್ಟಿನ ಹೊದಿಕೆಯಲ್ಲಿ. ಕಡ್ಡಿಗೆ ಚುಚ್ಚಿದ ಸಾಸೇಜನ್ನು ಮೆಕ್ಕೆಜೋಳದ ಹಿಟ್ಟು ಸೇರಿಸಿ ಕಲಸಿದ ಮಂದವಾದ ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿದರೆ ಅದು ಕಾರ್ನ್ ಡಾಗ್. ಬನ್ನಿನ ಕೆಲಸವನ್ನು ಆ ಹೊದಿಕೆಯೇ ಮಾಡುತ್ತದೆ.

ನಿಮ್ಮ ಗೊಂದಲಕ್ಕೆ ಕಾರಣವಿದೆ. ಇಂಗ್ಲಿಷಿನಲ್ಲಿ ಡಾಗ್ ಪದದ ಹಿಂದೆ ಕೂರುವ ಪದ ಸಾಮಾನ್ಯವಾಗಿ ಮೇಲೆ ಹಾಕುವ ವಸ್ತುವನ್ನು ಹೇಳುತ್ತದೆ. ಚಿಲ್ಲಿ ಡಾಗ್ ಎಂದರೆ ಚಿಲ್ಲಿ ಎಂಬ ಖಾರದ ಮಾಂಸದ ಗೊಜ್ಜನ್ನು ಮೇಲೆ ಸುರಿದದ್ದು, ಸ್ಲಾ ಡಾಗ್ ಎಂದರೆ ಹೆಚ್ಚಿದ ಎಲೆಕೋಸನ್ನು ಹರಡಿದ್ದು. ಶಿಕಾಗೊ ಡಾಗ್ ಎಂದರೆ ಊರಿನ ಹೆಸರು. ಈ ಸಾಲಿನಲ್ಲಿ ಓದಿದರೆ ಕಾರ್ನ್ ಡಾಗ್ ಎಂದರೆ ಜೋಳದ ಕಾಳು ಉದುರಿಸಿದ ಹಾಟ್ ಡಾಗ್ ಎಂದೇ ತೋರುತ್ತದೆ. ಆದರೆ ಇಲ್ಲಿ ಮೊದಲ ಪದ ಹೇಳುವುದು ಹೊದಿಕೆಯನ್ನು. ಕಾರ್ನ್‌ಬ್ರೆಡ್, ಅಂದರೆ ಮೆಕ್ಕೆಜೋಳದ ಹಿಟ್ಟಿನ ಬ್ರೆಡ್, ಎಂಬ ಪದದಲ್ಲಿ ಕಾರ್ನ್ ಮಾಡುವ ಕೆಲಸವನ್ನೇ ಇಲ್ಲೂ ಮಾಡುತ್ತಿದೆ.

ಇನ್ನು ‘ಕಾರ್ನ್’. ಅಮೆರಿಕದಲ್ಲಿ ಅದು ಮೆಕ್ಕೆಜೋಳ ಮಾತ್ರ. ಬ್ರಿಟನ್ನಿನ ಹಳೆಯ ಬಳಕೆಯಲ್ಲಿ ಕಾರ್ನ್ ಎಂದರೆ ಯಾವುದೇ ಧಾನ್ಯ, ಅಲ್ಲಿ ಹೆಚ್ಚಾಗಿ ಗೋಧಿ. ಅದಕ್ಕೂ ಹಿಂದಿನ ಅರ್ಥ ಬರೀ ‘ಕಾಳು, ಹರಳು’. ಕಾರ್ನ್ಡ್ ಬೀಫ್ ಎಂಬ ಮಾಂಸದ ಹೆಸರಿನಲ್ಲಿ ಉಳಿದಿರುವುದು ಆ ಅರ್ಥ: ಉಪ್ಪಿನ ಹರಳು ಹಾಕಿ ಹದ ಮಾಡಿದ್ದು. ಅದರಲ್ಲಿ ಮೆಕ್ಕೆಜೋಳ ಇಲ್ಲವೇ ಇಲ್ಲ. ಅನುವಾದಕರು ಈ ಮೂರು ಅರ್ಥಗಳನ್ನು ಬೆರೆಸಿಕೊಳ್ಳಬಾರದು.

ಕನ್ನಡದಲ್ಲಿ ಬರೀ ‘ಜೋಳ’ ಎಂದೂ ಹಾಕಬೇಡಿ. ಜೋಳ ಎಂದೊಡನೆ ಅರ್ಧ ಓದುಗರಿಗೆ ರೊಟ್ಟಿ ತಟ್ಟುವ ಬಿಳಿಜೋಳ ಕಣ್ಣಿಗೆ ಬರುತ್ತದೆ, ಅದು ಬೇರೆಯೇ ಧಾನ್ಯ. ಮೆಕ್ಕೆಜೋಳ, ಮುಸುಕಿನ ಜೋಳ, ಗೋವಿನಜೋಳ ಈ ಮೂರರಲ್ಲಿ ಯಾವುದಾದರೂ ಸರಿ. ಒಂದನ್ನು ಹಿಡಿದ ಮೇಲೆ ಕಥೆಯ ಕೊನೆಯವರೆಗೂ ಅದನ್ನೇ ಬಳಸಿ.

‘ಡಾಗ್’ ಎಂಬುದು ಹಾಟ್ ಡಾಗ್‌ನ ಮೊಟಕು ರೂಪ. ಸಾಸೇಜಿಗೆ ನಾಯಿಯ ಹೆಸರು ಬಂದದ್ದು ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ, ಜರ್ಮನ್ ವಲಸೆಗಾರರ ಸಾಸೇಜಿನೊಳಗೆ ಯಾವ ಮಾಂಸವಿದೆಯೋ ಎಂದು ಜನ ಆಡಿಕೊಳ್ಳುತ್ತಿದ್ದ ಕಾಲದಲ್ಲಿ. 1895ರ ಹೊತ್ತಿಗೆ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆಯಲ್ಲಿ ‘ಹಾಟ್ ಡಾಗ್’ ಅಚ್ಚಾಗಿದೆ. ಬೇಸ್‌ಬಾಲ್ ಮೈದಾನದಲ್ಲಿ ಒಬ್ಬ ವ್ಯಂಗ್ಯಚಿತ್ರಕಾರ ‘ಡಾಕ್ಸುಂಡ್’ ಎಂಬ ನಾಯಿ ತಳಿಯ ಹೆಸರನ್ನು ಬರೆಯಲು ಬಾರದೆ ‘ಹಾಟ್ ಡಾಗ್’ ಎಂದು ಬರೆದ ಎಂಬ ಕಥೆಯನ್ನು ನೀವು ಓದಿರಬಹುದು. ಅದನ್ನು ಮುನ್ನುಡಿಯಲ್ಲಾಗಲಿ ಅಡಿಟಿಪ್ಪಣಿಯಲ್ಲಾಗಲಿ ಸೇರಿಸಬೇಡಿ. ಆ ಚಿತ್ರ ಯಾರಿಗೂ ಸಿಕ್ಕಿಲ್ಲ, ಮತ್ತು ಕಥೆ ಹೇಳುವ ಕಾಲಕ್ಕೆ ಮುಂಚೆಯೇ ಪದ ಅಚ್ಚಿನಲ್ಲಿತ್ತು.

ಉಚ್ಚಾರದ ಬಗ್ಗೆ ಒಂದು ಮಾತು. ಒತ್ತು ಬೀಳುವುದು ಮೊದಲ ಪದದ ಮೇಲೆ: ಕಾರ್ನ್ ಡಾಗ್. ಕಥೆಯಲ್ಲಿ ಮಗುವೊಂದು ಕೂಗಿ ಕೇಳುವ ದೃಶ್ಯವಿದ್ದರೆ ‘ಕಾ...ರ್ನ್ ಡಾಗ್’ ಎಂದು ಎಳೆಯಬೇಕಾದದ್ದು ಆ ಜಾಗದಲ್ಲಿ, ‘ಡಾಗ್’ನಲ್ಲಿ ಅಲ್ಲ. ಇಂಗ್ಲಿಷಿನಲ್ಲಿ ಎರಡು ಪದವಾಗಿ ಬರೆಯುವುದು ರೂಢಿ. ಒಂದೇ ಪದವಾಗಿ ಕೂಡಿಸಿ ಬರೆಯುವವರೂ ಇದ್ದಾರೆ, ಅರ್ಥದಲ್ಲಿ ವ್ಯತ್ಯಾಸವಿಲ್ಲ.


ಉತ್ತರ 2: ಮೇಳದ ನಕ್ಷೆ

ಮೂರು ಹೆಸರುಗಳ ಪ್ರಶ್ನೆಗೆ ಉತ್ತರ: ತಿನಿಸಿನ ಜಾತಿ ಒಂದೇ, ಆದರೆ ಹೆಸರುಗಳು ಒಂದರ ಜಾಗದಲ್ಲಿ ಇನ್ನೊಂದು ಕೂರುವಂಥವಲ್ಲ. ಯಾವ ಪಾತ್ರ ಯಾವ ಹೆಸರು ಹೇಳುತ್ತದೆ ಎಂಬುದರಲ್ಲಿ ಆ ಪಾತ್ರದ ಊರು ಇದೆ. ಮೂಲ ಲೇಖಕರು ಅದನ್ನು ತಿಳಿದೇ ಬರೆದಂತಿದೆ. ಮೂರನ್ನೂ ‘ಕಾರ್ನ್ ಡಾಗ್’ ಎಂದು ಒಂದು ಮಾಡಿಬಿಟ್ಟರೆ ಚಿಕ್ಕಪ್ಪ ಹೊರಗಿನವನು ಎಂಬ ಸುಳಿವೇ ಕನ್ನಡದಲ್ಲಿ ಇಲ್ಲವಾಗುತ್ತದೆ.

‘ಕಾರ್ನಿ ಡಾಗ್’ ಡಲ್ಲಾಸ್‌ನದು. ನೀಲ್ ಮತ್ತು ಕಾರ್ಲ್ ಫ್ಲೆಚರ್ ಎಂಬ ಅಣ್ಣತಮ್ಮಂದಿರು ಅಲ್ಲಿನ ಮೇಳದಲ್ಲಿ ಇದನ್ನು ಮಾರತೊಡಗಿದರು. ಸಾಮಾನ್ಯವಾಗಿ 1942 ಎಂದು ವರ್ಷ ಹೇಳುತ್ತಾರೆ, 1938ರಿಂದ ಎಂದು ಹಿಂದಕ್ಕೆ ಒಯ್ಯುವವರೂ ಇದ್ದಾರೆ. ಇಬ್ಬರೂ ಮೊದಲು ಹಾಡು, ಕುಣಿತ, ಹಾಸ್ಯದ ತುಣುಕುಗಳ ವಾಡ್‌ವಿಲ್ ರಂಗದ ಕಲಾವಿದರು. ‘ಫ್ಲೆಚರ್ಸ್ ಕಾರ್ನಿ ಡಾಗ್ಸ್’ ಎಂಬ ಹಲಗೆ ಅಲ್ಲಿ ಇಂದಿಗೂ ಇದೆ. ಹಾಗಾಗಿ ನಿಮ್ಮ ಕಥೆಯ ಹಲಗೆಯ ಮೇಲಿನ ‘ಕಾರ್ನಿ’ ಕಾಗುಣಿತದ ತಪ್ಪಲ್ಲ, ದಯವಿಟ್ಟು ತಿದ್ದಬೇಡಿ. ಅಲ್ಲಿ ಅದನ್ನು ಹಳದಿ ಸಾಸಿವೆ ಸಾಸ್ ಹಚ್ಚಿ ತಿನ್ನುವುದು ವಾಡಿಕೆ. ಹುಡುಗಿಯ ಅಂಗಿಯ ಮೇಲೆ ಹಳದಿ ಕಲೆ ಎಂದೇನಾದರೂ ಬಂದರೆ ಅದು ಅರಿಶಿನವೂ ಅಲ್ಲ, ಬೆಣ್ಣೆಯೂ ಅಲ್ಲ.

‘ಕಾರ್ನಿ’ಗೆ ಇಂಗ್ಲಿಷಿನಲ್ಲಿ ಇನ್ನೊಂದು ಅರ್ಥವೂ ಇದೆ: ಸವಕಲಾದ, ಅತಿ ಭಾವುಕವಾದ, ಹಳಸಲು ಹಾಸ್ಯದ. ಮೂಲದಲ್ಲಿ ಇದೂ ‘ಜೋಳದ ಹೊಲದ ಕಡೆಯ, ಹಳ್ಳಿಗಾಡಿನ’ ಎಂಬ ಭಾವದಿಂದಲೇ ಬಂದದ್ದು. ಯಾವುದಾದರೂ ಪಾತ್ರ ತಿನಿಸು ಕೈಯಲ್ಲಿ ಹಿಡಿದು ‘ಇದೆಷ್ಟು ಕಾರ್ನಿ’ ಎಂದರೆ ಅಲ್ಲಿ ಶ್ಲೇಷೆ ಇದೆ ಎಂದು ತಿಳಿಯಿರಿ. ತಿನಿಸಿನ ಹೆಸರಿನಲ್ಲಿ ಮಾತ್ರ ನಿಂದೆ ಇಲ್ಲ.

‘ಪ್ರಾಂಟೊ ಪಪ್’ ಆರೆಗನ್ ಕಡಲತೀರದ ಹೆಸರು. 1930ರ ದಶಕದ ಕೊನೆಯಲ್ಲಿ ರಾಕವೇ ಬೀಚ್ ಎಂಬಲ್ಲಿ ಜಾರ್ಜ್ ಮತ್ತು ವರ್ಸಾ ಬಾಯಿಂಗ್ಟನ್ ದಂಪತಿ ಹಾಟ್ ಡಾಗ್ ಮಾರುತ್ತಿದ್ದರು. ಮಳೆಗೆ ಬನ್ನುಗಳು ನೆನೆದು ಹಾಳಾದವು, ಬನ್ನನ್ನು ಮೊದಲೇ ಸುಟ್ಟು ಇಡುವ ಬದಲು ಸಾಸೇಜಿನ ಸುತ್ತಲೇ ಹಿಟ್ಟನ್ನು ಬೇಯಿಸುವ ಉಪಾಯ ಅಲ್ಲಿಂದ ಬಂತು ಎಂದು ಅವರ ಕಥೆ. ‘ಪ್ರಾಂಟೊ’ ಎಂದರೆ ಸ್ಪ್ಯಾನಿಷ್‌ನಲ್ಲಿ ಬೇಗ, ತಕ್ಷಣ. ‘ಪಪ್’ ಎಂದರೆ ನಾಯಿಮರಿ, ಡಾಗ್‌ಗೆ ಜೊತೆಯಾಗಿ. ಇದು ಒಂದು ಸಂಸ್ಥೆಯ ವ್ಯಾಪಾರ ಮುದ್ರೆ, ಆದ್ದರಿಂದ ‘ಚುರುಕು ಮರಿ’ ಎಂದೆಲ್ಲ ಅನುವಾದಿಸದೆ ಹಾಗೇ ಬರೆಯಿರಿ. ಮಿನ್ನೆಸೋಟ ಸ್ಟೇಟ್ ಫೇರ್‌ನಲ್ಲಿ 1947ರಿಂದ ಪ್ರಾಂಟೊ ಪಪ್ ಮಾರುತ್ತಿದ್ದಾರೆ. ಅಲ್ಲಿ ಕಾರ್ನ್ ಡಾಗ್ ಅಂಗಡಿಗಳೂ ಬೇರೆಯಾಗಿ ಇವೆ, ಯಾವುದು ಮೇಲು ಎಂಬ ಚರ್ಚೆ ಅಲ್ಲಿನ ಜನಕ್ಕೆ ಪ್ರತಿ ವರ್ಷದ್ದು. ಪ್ರಾಂಟೊ ಪಪ್‌ನ ಹೊದಿಕೆ ಪ್ಯಾನ್‌ಕೇಕ್‌ನ ಕಡೆಗೆ ವಾಲುತ್ತದೆ, ಸಿಹಿ ಕಡಿಮೆ. ಕಾರ್ನ್ ಡಾಗ್‌ನದು ಕಾರ್ನ್‌ಬ್ರೆಡ್‌ನಂತೆ ಸಿಹಿ ಮತ್ತು ತರಿ. ಅಲ್ಲಿಯವರೆದುರು ಎರಡೂ ಒಂದೇ ಎಂದರೆ ಒಪ್ಪುವುದಿಲ್ಲ.

ನಾಯಿಯ ಸುತ್ತ ಹೆಣೆದ ಹೆಸರು ಇನ್ನೂ ಇವೆ. ಇಲಿನಾಯ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಎಡ್ ವಾಲ್ಡ್‌ಮೈರ್ 1946ರಲ್ಲಿ ‘ಕೋಜಿ ಡಾಗ್’ ಎಂದು ಮಾರತೊಡಗಿದರು. ಯುದ್ಧಕಾಲದಲ್ಲಿ ಸೈನಿಕರಿಗೆ ಮಾಡಿಕೊಡುತ್ತಿದ್ದಾಗ ಅದರ ಹೆಸರು ‘ಕ್ರಸ್ಟಿ ಕರ್’ ಎಂದಿತ್ತು. ‘ಕರ್’ ಎಂದರೆ ಕಂತ್ರಿ ನಾಯಿ. ಆ ಹೆಸರಲ್ಲಿ ತಿನಿಸು ಮಾರುವುದು ಬೇಡವೆಂದು ಹೆಂಡತಿ ವರ್ಜೀನಿಯಾ ಪಟ್ಟು ಹಿಡಿದದ್ದರಿಂದ ‘ಕೋಜಿ’, ಅಂದರೆ ಬೆಚ್ಚಗಿನ, ಎಂದಾಯಿತು. ಒಂದೇ ತಿನಿಸಿಗೆ ಹೆಸರಿನ ತೂಕ ಎಷ್ಟು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ವಸ್ತು ಮಾತ್ರ ಈ ಹೆಸರುಗಳಿಗಿಂತ ಹಳೆಯದು. ನ್ಯೂಯಾರ್ಕ್ ರಾಜ್ಯದ ಬಫಲೋದ ಸ್ಟ್ಯಾನ್ಲಿ ಜೆಂಕಿನ್ಸ್ 1927ರಲ್ಲಿ ಅರ್ಜಿ ಹಾಕಿ 1929ರಲ್ಲಿ ಒಂದು ಪೇಟೆಂಟ್ ಪಡೆದರು. ಕಡ್ಡಿಗೆ ಚುಚ್ಚಿದ ತಿನಿಸನ್ನು ಹಿಟ್ಟಿನಲ್ಲಿ ಅದ್ದಿ, ಹಿಡಿದಿಟ್ಟು, ಕರಿಯುವ ಸಾಧನ ಅದು. ಸಾಸೇಜು, ಬೇಯಿಸಿದ ಮೊಟ್ಟೆ, ಚೀಸ್, ಬಾಳೆಹಣ್ಣು, ಸ್ಟ್ರಾಬೆರಿ ಎಲ್ಲವನ್ನೂ ಹಾಗೆ ಕರಿಯಬಹುದು ಎಂದು ಅದರಲ್ಲಿದೆ. ಎಣ್ಣೆಯ ಬಿಸಿ ಸುಮಾರು 390 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 200 ಡಿಗ್ರಿ ಸೆಲ್ಸಿಯಸ್. ಗಮನಿಸಬೇಕಾದದ್ದು, ಅದರಲ್ಲಿ ಹೇಳಿರುವುದು ತಾನೇ ಉಬ್ಬುವ ಸಾಮಾನ್ಯ ಹಿಟ್ಟು, ಮೆಕ್ಕೆಜೋಳದ ಹೆಸರಿಲ್ಲ. ಆದ್ದರಿಂದ ‘ಕಾರ್ನ್ ಡಾಗ್ ಕಂಡುಹಿಡಿದವರು ಇಂಥವರು’ ಎಂದು ಒಬ್ಬರ ಹೆಸರನ್ನು ಅನುವಾದಕರ ಮಾತಿನಲ್ಲಿ ಬರೆಯುವುದು ಬೇಡ. ಹಲವು ಊರುಗಳಲ್ಲಿ ಹಲವರು ಮುಟ್ಟಿದ ಉಪಾಯ ಅದು.

ಅಮೆರಿಕದ ಹೊರಗೆ ಹೆಸರು ಇನ್ನೂ ಜಾರುತ್ತದೆ. ಮುಂದೆ ಬೇರೆ ದೇಶದ ಕಥೆ ಕೈಗೆತ್ತಿಕೊಂಡರೆ ಉಪಯೋಗವಾದೀತು. ಆಸ್ಟ್ರೇಲಿಯಾದಲ್ಲಿ ‘ಡ್ಯಾಗ್‌ವುಡ್ ಡಾಗ್’, ‘ಪ್ಲೂಟೊ ಪಪ್’. ಕೆನಡಾದಲ್ಲಿ ‘ಪೋಗೊ’ ಎಂಬ ಬ್ರ್ಯಾಂಡಿನ ಹೆಸರೇ ತಿನಿಸಿನ ಹೆಸರಾಗಿದೆ. ಜಪಾನಿನಲ್ಲಿ ‘ಅಮೆರಿಕನ್ ಡಾಗ್’, ಅಲ್ಲಿನ ಹೊದಿಕೆಯಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟೇ ಮುಖ್ಯ, ಹೆಸರಿನಿಂದಲೂ ಕಾರ್ನ್ ಹೋಗಿದೆ. ಕೊರಿಯಾದಲ್ಲಿ ಕಡ್ಡಿಯ ಮೇಲಿನದಕ್ಕೇ ‘ಹಾಟ್ ಡಾಗ್’ ಎನ್ನುತ್ತಾರೆ, ಹೊರದೇಶಗಳಲ್ಲಿ ಮಾತ್ರ ಅದು ‘ಕೊರಿಯನ್ ಕಾರ್ನ್ ಡಾಗ್’. ನ್ಯೂಜಿಲೆಂಡಿನಲ್ಲೂ ಹಾಟ್ ಡಾಗ್ ಎಂದು ಕೇಳಿದರೆ ಕಡ್ಡಿಯದನ್ನೇ ಕೊಡುತ್ತಾರೆ, ಬನ್ನಿನದು ಬೇಕಾದರೆ ‘ಅಮೆರಿಕನ್ ಹಾಟ್ ಡಾಗ್’ ಎನ್ನಬೇಕು.

ಇನ್ನೊಂದು ಎಚ್ಚರ: ‘ಹಷ್ ಪಪ್ಪಿ’ ಎಂಬ ಹೆಸರು ಕಂಡರೆ ಅದು ಇದಲ್ಲ. ಅದು ದಕ್ಷಿಣದ ರಾಜ್ಯಗಳಲ್ಲಿ ಕರಿದ ಮೀನಿನ ಜೊತೆ ಬಡಿಸುವ ಮೆಕ್ಕೆಜೋಳದ ಹಿಟ್ಟಿನ ಸಣ್ಣ ಉಂಡೆ. ಸಾಸೇಜೂ ಇಲ್ಲ, ಕಡ್ಡಿಯೂ ಇಲ್ಲ. ‘ಮಿನಿ ಕಾರ್ನ್ ಡಾಗ್’ಗೆ ಕಡ್ಡಿ ಇರುವುದಿಲ್ಲ, ಆದರೆ ಒಳಗೆ ಸಾಸೇಜಿನ ತುಂಡು ಇರುತ್ತದೆ. ಹೆಸರನ್ನು ಹಿಡಿದಿಡುವುದು ಹೊದಿಕೆ ಮತ್ತು ಸಾಸೇಜು, ಕಡ್ಡಿ ಅಲ್ಲ.


ಉತ್ತರ 3: ಕಾದ ಎಣ್ಣೆ

‘ಒರೆಸಿದೆಯಾ?’ ಎಂದರೆ ಸಾಸೇಜನ್ನು ಒರೆಸಿದೆಯಾ ಎಂದು. ಆ ಒಂದು ಪದದಲ್ಲಿ ಒಡೆಯ ತಪ್ಪನ್ನು ಪೂರ್ತಿ ಹಿಡಿದಿದ್ದಾನೆ. ಹೇಗೆಂದು ಹೇಳುತ್ತೇನೆ.

ಪೊಟ್ಟಣದಿಂದ ತೆಗೆದ ಸಾಸೇಜಿನ ಮೈ ಒದ್ದೆಯಾಗಿರುತ್ತದೆ. ಫ್ರಿಜ್ಜಿನಿಂದ ಆಗಷ್ಟೇ ತೆಗೆದದ್ದಾದರೆ ಗಾಳಿಯ ತೇವವೂ ಅದರ ಮೇಲೆ ಕೂರುತ್ತದೆ. ಆ ನೀರಿನ ಪದರದ ಮೇಲೆ ಹಿಟ್ಟು ಹತ್ತಿದರೆ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಆದರೆ 175 ಡಿಗ್ರಿ ಸೆಲ್ಸಿಯಸ್‌ನ ಎಣ್ಣೆಗೆ ಬಿದ್ದೊಡನೆ ನೀರು ಆವಿಯಾಗಿ ಹಿಟ್ಟನ್ನು ಸಾಸೇಜಿನಿಂದ ಎತ್ತಿಬಿಡುತ್ತದೆ. ಹಿಟ್ಟು ಇನ್ನೂ ಗಟ್ಟಿಯಾಗಿರದಿದ್ದರೆ ಹೋಳುಹೋಳಾಗಿ ಕಳಚುತ್ತದೆ, ಗಟ್ಟಿಯಾಗಿದ್ದರೆ ಒಳಗೆ ಪೊಳ್ಳು ಬಿಟ್ಟು ಕೊಳವೆಯಂತೆ ನಿಲ್ಲುತ್ತದೆ, ಕಚ್ಚಿದಾಗ ಸಾಸೇಜು ಒಂದೇ ಸಲಕ್ಕೆ ಹೊರಗೆ ಜಾರುತ್ತದೆ. ಅದಕ್ಕೇ ಕಾಗದದಿಂದಲೋ ಬಟ್ಟೆಯಿಂದಲೋ ಒರೆಸಿ, ಒಣ ಹಿಟ್ಟಿನಲ್ಲಿ ಒಮ್ಮೆ ಹೊರಳಿಸಿ, ಹೆಚ್ಚಾದದ್ದನ್ನು ಕೊಡವಿ, ಆಮೇಲೆ ಅದ್ದಬೇಕು. ಒಣ ಹಿಟ್ಟು ಉಳಿದ ತೇವವನ್ನು ಹೀರುತ್ತದೆ, ಒದ್ದೆ ಹಿಟ್ಟಿಗೆ ಹಿಡಿತ ಕೊಡುತ್ತದೆ.

ಸನ್ನಿವೇಶದ ಉಳಿದ ಕೈಕೆಲಸಗಳನ್ನು ಸರಿಯಾಗಿ ಬರೆಯಲು ಅಳತೆಗಳೂ ಬೇಕಾಗಬಹುದು. ಎಂಟರಿಂದ ಹತ್ತು ಸಾಸೇಜಿಗೆ ಸಾಕಾಗುವಷ್ಟು ಹಿಟ್ಟು ಹೀಗೆ: ಮೆಕ್ಕೆಜೋಳದ ತರಿ ಹಿಟ್ಟು 150 ಗ್ರಾಂ, ಮೈದಾ 125 ಗ್ರಾಂ, ಸಕ್ಕರೆ 50 ಗ್ರಾಂ, ಬೇಕಿಂಗ್ ಪೌಡರ್ ಒಂದು ದೊಡ್ಡ ಚಮಚ, ಉಪ್ಪು ಅರ್ಧ ಸಣ್ಣ ಚಮಚ, ಒಂದು ಮೊಟ್ಟೆ, ಹಾಲು ಸುಮಾರು 240 ಮಿಲಿ. ಒಣ ಪದಾರ್ಥಗಳನ್ನು ಮೊದಲು ಚೆನ್ನಾಗಿ ಬೆರೆಸಬೇಕು, ಇಲ್ಲದಿದ್ದರೆ ಬೇಕಿಂಗ್ ಪೌಡರ್ ಗಂಟಾಗಿ ಉಳಿದ ಕಡೆ ಕಪ್ಪು ಚುಕ್ಕೆ ಬಿದ್ದು ಕಹಿಯಾಗುತ್ತದೆ. ಕಲಸಿದ ಮೇಲೆ ಹತ್ತು ನಿಮಿಷ ಬಿಡುವುದು ಮುಖ್ಯ. ಜೋಳದ ತರಿ ಹಾಲನ್ನು ಹೀರಲು ಅಷ್ಟು ಹೊತ್ತು ಬೇಕು, ಬಿಡದಿದ್ದರೆ ತಿನ್ನುವಾಗ ಮರಳು ಕಡಿದಂತಾಗುತ್ತದೆ. ಬಿಟ್ಟಾಗ ಹಿಟ್ಟು ಗಟ್ಟಿಯಾಗುತ್ತದೆ, ಹಾಗಾಗಿ ಹಾಲಿನ ಅಳತೆಯನ್ನು ಮೊದಲೇ ಕಡಿಮೆ ಮಾಡಬೇಡಿ, ಬಿಟ್ಟ ಮೇಲೆ ನೋಡಿ ಚಮಚದಷ್ಟು ಸೇರಿಸಿ. ಹದ ಎಂದರೆ ಚಮಚ ಎತ್ತಿದಾಗ ಹಿಟ್ಟು ದಪ್ಪ ಪಟ್ಟಿಯಾಗಿ ಇಳಿಯಬೇಕು. ನೀರಾಗಿ ಸುರಿದರೆ ತೆಳು, ಉಂಡೆಯಾಗಿ ಬಿದ್ದರೆ ಗಟ್ಟಿ.

ಅದ್ದುವುದು ಅಗಲ ಪಾತ್ರೆಯಲ್ಲಲ್ಲ, ಎತ್ತರದ ಲೋಟದಲ್ಲಿ. ಕಡ್ಡಿಯನ್ನು ಸಾಸೇಜಿನ ಉದ್ದದ ಮುಕ್ಕಾಲು ಭಾಗದವರೆಗೆ ನೇರ ಚುಚ್ಚಿ, ನೆಟ್ಟಗೆ ಇಳಿಸಿ, ತಿರುಗಿಸುತ್ತ ಮೇಲೆತ್ತಬೇಕು. ಕಡ್ಡಿ ಸಾಸೇಜಿಗೆ ಸೇರುವ ಜಾಗದಲ್ಲಿ ಹಿಟ್ಟು ಕಡ್ಡಿಯ ಮೇಲೂ ಅರ್ಧ ಸೆಂಟಿಮೀಟರಿನಷ್ಟು ಹತ್ತಬೇಕು. ಹೊಸಬರು ತಪ್ಪುವುದು ಇಲ್ಲೇ. ಆ ಬಾಯಿ ಮುಚ್ಚದಿದ್ದರೆ ಸಾಸೇಜಿನ ರಸ ಅಲ್ಲಿಂದ ಎಣ್ಣೆಗೆ ಇಳಿದು ಎಣ್ಣೆ ಚಟಪಟ ಸಿಡಿಯುತ್ತದೆ, ಹೊದಿಕೆಯೂ ಅಲ್ಲಿಂದಲೇ ಸೀಳುತ್ತದೆ.

ಎಣ್ಣೆ 175ರಿಂದ 180 ಡಿಗ್ರಿ. ಮೂರರಿಂದ ನಾಲ್ಕು ನಿಮಿಷ. ಸಾಸೇಜು ಮೊದಲೇ ಬೆಂದದ್ದು, ಒಳಗೆ ಬಿಸಿಯಾದರೆ ಸಾಕು, ಬೇಯಬೇಕಾದದ್ದು ಹಿಟ್ಟು. ಎಣ್ಣೆಗೆ ಬಿಟ್ಟ ಮೊದಲ ಹತ್ತು ಸೆಕೆಂಡು ಕಡ್ಡಿಯನ್ನು ಕೈಯಲ್ಲೇ ಹಿಡಿದು ತಿರುಗಿಸುತ್ತಿರಬೇಕು. ತಕ್ಷಣ ಕೈಬಿಟ್ಟರೆ ತಳಕ್ಕೆ ತಾಗಿ ಒಂದು ಮಗ್ಗುಲು ಚಪ್ಪಟೆಯಾಗಿ ಅಂಟುತ್ತದೆ. ಎಣ್ಣೆ 160ಕ್ಕೆ ಇಳಿದರೆ ಹೊದಿಕೆ ಎಣ್ಣೆ ಕುಡಿಯುತ್ತದೆ, ಒಂದೇ ಸಲ ಹೆಚ್ಚು ಬಿಟ್ಟಾಗ ಆಗುವುದು ಇದೇ. 195 ದಾಟಿದರೆ ಹಿಟ್ಟಿನಲ್ಲಿರುವ ಸಕ್ಕರೆ ಬೇಗ ಕಂದಾಗಿ, ಹೊರಗೆ ಬೆಂದಂತೆ ಕಂಡು ಸಾಸೇಜಿನ ಪಕ್ಕದ ಹಿಟ್ಟು ಹಸಿಯಾಗಿ ಉಳಿಯುತ್ತದೆ. ಮೇಳದ ಅಂಗಡಿಗಳಲ್ಲಿ ಕಡ್ಡಿಗಳನ್ನು ಕ್ಲಿಪ್ಪಿನ ಸಾಲಿಗೆ ಸಿಕ್ಕಿಸಿ ನೇತು ಹಾಕಿ ಕರಿಯುತ್ತಾರೆ, ಯಾವ ಮಗ್ಗುಲೂ ತಳಕ್ಕೆ ತಾಗುವುದಿಲ್ಲ. ಜೆಂಕಿನ್ಸ್ ಪೇಟೆಂಟಿನ ಸಾಧನವೂ ಹಿಡಿದಿಟ್ಟು ಕರಿಯುವ ಈ ಕೆಲಸಕ್ಕೇ.

ಈಗ ಕಾರ್ನ್‌ಮೀಲ್. ಕಾರ್ನ್‌ಫ್ಲೋರ್ ಎಂದು ಖಂಡಿತ ಹಾಕಬೇಡಿ. ನಮ್ಮ ಓದುಗರಿಗೆ ಕಾರ್ನ್‌ಫ್ಲೋರ್ ಎಂದರೆ ಸಾರು ಮಂದ ಮಾಡುವ ಬೆಳ್ಳಗಿನ ನುಣ್ಣನೆಯ ಪುಡಿ. ಅದು ಜೋಳದ ಪಿಷ್ಟ, ಅಮೆರಿಕದಲ್ಲಿ ಅದಕ್ಕೆ ಕಾರ್ನ್‌ಸ್ಟಾರ್ಚ್ ಎನ್ನುತ್ತಾರೆ. ಅಮೆರಿಕದವರು ಕಾರ್ನ್‌ಫ್ಲೋರ್ ಎಂದರೆ ನಯವಾಗಿ ಬೀಸಿದ ಮೆಕ್ಕೆಜೋಳದ ಹಿಟ್ಟು, ಕಾರ್ನ್‌ಮೀಲ್ ಎಂದರೆ ಅದಕ್ಕಿಂತ ತರಿಯಾದದ್ದು. ಒಂದೇ ಹೆಸರು ಎರಡು ಕಡೆ ಎರಡು ವಸ್ತು. ಪಿಷ್ಟವನ್ನೇ ಹಾಕಿ ಕರಿದರೆ ಹೊದಿಕೆ ಬಿಳಿಚಿಕೊಂಡು ಗರಿಗರಿ ಚಿಪ್ಪಾಗುತ್ತದೆ, ಆ ಹಳದಿ ಬಣ್ಣವೂ ಇಲ್ಲ, ತರಿಯೂ ಇಲ್ಲ, ಜೋಳದ ರುಚಿಯೂ ಇಲ್ಲ. ಹೆಸರಿನಲ್ಲಿ ಕಾರ್ನ್ ಇರುವುದು ಯಾವ ರುಚಿಗಾಗಿಯೋ ಅದೇ ಹೋಗುತ್ತದೆ. ‘ಮೆಕ್ಕೆಜೋಳದ ತರಿ ಹಿಟ್ಟು’ ಎಂದು ಬರೆಯಿರಿ.


ಉತ್ತರ 4: ಕರಡಚ್ಚು

ಕನ್ನಡದ ಬಳಕೆಯ ಬಗ್ಗೆ ಮಾತ್ರ ಹೇಳುತ್ತೇನೆ. ಹೆಸರನ್ನು ಅನುವಾದಿಸಬೇಡಿ. ‘ಜೋಳನಾಯಿ’ ಎಂದು ಬರೆದರೆ ನಗೆಪಾಟಲು, ‘ಸಾಸೇಜು ಬಜ್ಜಿ’ ಎಂದು ಬರೆದರೆ ಓದುಗನ ಮೂಗಿಗೆ ಡಲ್ಲಾಸ್ ಬರುವ ಬದಲು ಕಡಲೆಹಿಟ್ಟಿನ ವಾಸನೆ ಬರುತ್ತದೆ. ಇದರಲ್ಲಿ ಕಡಲೆಹಿಟ್ಟಿಲ್ಲ, ಖಾರವಿಲ್ಲ, ಹೊದಿಕೆ ಸಿಹಿ. ‘ಕಾರ್ನ್ ಡಾಗ್’ ಎಂದೇ ಇಟ್ಟು, ಮೊದಲ ಸಲ ಬಂದಾಗ ಅದೇ ವಾಕ್ಯದಲ್ಲೋ ಮುಂದಿನ ವಾಕ್ಯದಲ್ಲೋ ವಸ್ತು ಕಣ್ಣಿಗೆ ಕಟ್ಟುವಂತೆ ಮಾಡಿ. ಕಂಸದಲ್ಲಿ ವಿವರಣೆ ತುರುಕುವುದು, ಪುಟದ ಬುಡದಲ್ಲಿ ಟಿಪ್ಪಣಿ ಹಾಕುವುದು ಎರಡೂ ಕಥೆಯ ಓಟವನ್ನು ಕಡಿಯುತ್ತವೆ. ಕಡ್ಡಿ, ಸಾಸೇಜು, ಮೆಕ್ಕೆಜೋಳದ ಹಿಟ್ಟು, ಕರಿದದ್ದು, ಈ ನಾಲ್ಕು ಬಂದರೆ ಸಾಕು.

ವಿಭಕ್ತಿ ಹಚ್ಚುವಾಗ: ಕಾರ್ನ್ ಡಾಗನ್ನು, ಕಾರ್ನ್ ಡಾಗಿಗೆ, ಕಾರ್ನ್ ಡಾಗಿನ. ‘ಡಾಗ್‌ಅನ್ನು’, ‘ಡಾಗ್‌ನ್ನು’ ಎಂದು ಒಡೆದು ಬರೆಯುವುದು ಕಣ್ಣಿಗೆ ಚುಚ್ಚುತ್ತದೆ. ಬಹುವಚನ ‘ಕಾರ್ನ್ ಡಾಗ್‌ಗಳು’ ಸರಿ. ಆದರೆ ಸಂಖ್ಯೆ ಹೇಳಿದ ಮೇಲೆ ಬಹುವಚನ ಬೇಕಿಲ್ಲ, ‘ಎರಡು ಕಾರ್ನ್ ಡಾಗ್ ಕೊಂಡಳು’ ಎಂದರೇ ಕನ್ನಡ. ಮೂಲದ ‘ಡಾಗ್ಸ್’ ಎಂಬ ರೂಪವನ್ನು ಅಂಗಡಿಯ ಹಲಗೆಯ ಮೇಲೆ ಮಾತ್ರ ಉಳಿಸಿ. ಮುಂದೆ ಬರೀ ‘ಡಾಗ್’ ಎಂದು ಮೊಟಕು ಮಾಡಲೂ ಬೇಡಿ. ಇಂಗ್ಲಿಷಿನಲ್ಲಿ ನಡೆಯುತ್ತದೆ, ಕನ್ನಡದಲ್ಲಿ ‘ಡಾಗನ್ನು ಕಚ್ಚಿದಳು’ ಎಂದರೆ ಬೇರೆಯೇ ಕಥೆಯಾಗುತ್ತದೆ.

ಮೇಳದ ಹೆಸರು ‘ಟೆಕ್ಸಾಸ್ ಸ್ಟೇಟ್ ಫೇರ್’ ಅಲ್ಲ, ‘ಸ್ಟೇಟ್ ಫೇರ್ ಆಫ್ ಟೆಕ್ಸಾಸ್’. 1886ರಲ್ಲಿ ಆರಂಭವಾದದ್ದು, ಈಗ ಸೆಪ್ಟೆಂಬರ್ ಕೊನೆಯಿಂದ 24 ದಿನ ನಡೆಯುತ್ತದೆ. ನಿರೂಪಣೆಯಲ್ಲಿ ‘ರಾಜ್ಯ ಮೇಳ’ ಎನ್ನಬಹುದು. ‘ಜಾತ್ರೆ’ ಎಂದು ನೀವು ಬರೆದಿಲ್ಲ, ಒಳ್ಳೆಯದಾಯಿತು, ಜಾತ್ರೆಯ ಹಿಂದೆ ದೇವರು, ತೇರು ಬರುತ್ತವೆ. ಇದು ದನ, ಹಂದಿ, ಬೆಳೆ, ಉಪ್ಪಿನಕಾಯಿಗಳ ಸ್ಪರ್ಧೆ ನಡೆಯುವ ಕೃಷಿ ಮೇಳ, ಅದರ ಪಕ್ಕದಲ್ಲಿ ಆಟದ ಚಕ್ರಗಳೂ ತಿನಿಸಿನ ಅಂಗಡಿಗಳೂ. ಆ ಸಾಲಿಗೆ ‘ಮಿಡ್‌ವೇ’ ಎಂಬ ಹೆಸರಿದೆ, 1893ರ ಶಿಕಾಗೊ ವಿಶ್ವ ಮೇಳದ ‘ಮಿಡ್‌ವೇ ಪ್ಲೇಸಾನ್ಸ್’ನಿಂದ ಬಂದದ್ದು. ಕಥೆಯಲ್ಲಿ ‘ಮಿಡ್‌ವೇಯಲ್ಲಿ’ ಎಂದು ಬಂದರೆ ‘ಅರ್ಧದಾರಿಯಲ್ಲಿ’ ಎಂದು ಮಾಡಿಬಿಡಬೇಡಿ.

ಇನ್ನೆರಡು ಬಳಕೆ. ಚುನಾವಣೆಯ ಕಾಲದಲ್ಲಿ ಅಯೋವಾ ರಾಜ್ಯದ ಮೇಳದಲ್ಲಿ ಅಭ್ಯರ್ಥಿಗಳು ಕಾರ್ನ್ ಡಾಗ್ ತಿನ್ನುವ ಚಿತ್ರ ಪತ್ರಿಕೆಗಳಲ್ಲಿ ಬರುವುದು ವಾಡಿಕೆ. ಹಾಗಾಗಿ ರಾಜಕೀಯ ಬರಹದಲ್ಲಿ ‘ಕಾರ್ನ್ ಡಾಗ್ ತಿನ್ನಲು ಹೊರಟರು’ ಎಂದರೆ ಮತದಾರರ ನಡುವೆ ಬೆರೆಯಲು ಹೊರಟರು ಎಂಬ ಸೂಚನೆ ಇರಬಹುದು. ಮತ್ತು ಕೆರೆಯಂಚಿನ ಜೊಂಡಿನ ಕಂದು ತೆನೆಯನ್ನು ಆ ಆಕಾರಕ್ಕಾಗಿ ಮಕ್ಕಳು ಕಾರ್ನ್ ಡಾಗ್ ಎನ್ನುವುದುಂಟು. ನೀರಿನ ಪಕ್ಕದ ದೃಶ್ಯದಲ್ಲಿ ‘ಕಾರ್ನ್ ಡಾಗ್ ಬೆಳೆದಿದೆ’ ಎಂದಿದ್ದರೆ ಅದು ಸಸ್ಯ.


ಮರುಮಾತು: ಹಸ್ತಪ್ರತಿ

ಎಲ್ಲರಿಗೂ ಧನ್ಯವಾದ. ‘ಒರೆಸಿದೆಯಾ?’ ಈಗ ಬಿಡಿಸಿಕೊಂಡಿತು. ಹುಡುಗನ ಕೈಯಲ್ಲಿ ಒದ್ದೆ ಸಾಸೇಜು ಇದ್ದದ್ದನ್ನು ಮೂಲದಲ್ಲಿ ಎರಡು ಸಾಲು ಮೊದಲೇ ಹೇಳಿದ್ದರು, ನಾನು ಅದನ್ನು ‘ತಣ್ಣನೆಯ’ ಎಂದಷ್ಟೇ ಮಾಡಿದ್ದೆ. ತಿದ್ದಿದ್ದೇನೆ. ಮೊದಲ ಸಲ ಬರುವ ಜಾಗ ಈಗ ಹೀಗಿದೆ, ನೋಡಿ ಹೇಳಿ:

‘ಮಿಡ್‌ವೇಯ ಮೂಲೆಯ ಅಂಗಡಿಯಲ್ಲಿ ಅವಳು ಎರಡು ಕಾರ್ನ್ ಡಾಗ್ ಕೊಂಡಳು. ಕಡ್ಡಿಗೆ ಚುಚ್ಚಿದ ಸಾಸೇಜನ್ನು ಮೆಕ್ಕೆಜೋಳದ ಹಿಟ್ಟಿನಲ್ಲಿ ಅದ್ದಿ ಆಗಷ್ಟೇ ಕರಿದು ತೆಗೆದಿದ್ದರು. ಕಡ್ಡಿ ಹಿಡಿದ ಬೆರಳು ಸುಡುತ್ತಿತ್ತು.’


ಉತ್ತರ 5: ಕಾದ ಎಣ್ಣೆ

ಮೊದಲೆರಡು ವಾಕ್ಯ ಚೆನ್ನಾಗಿ ಕೂತಿವೆ. ಮೂರನೆಯದು ಮೂಲದಲ್ಲಿದೆಯೇ, ನೀವು ಸೇರಿಸಿದ್ದೇ? ಸೇರಿಸಿದ್ದಾದರೆ ತೆಗೆಯಿರಿ. ಹಿಡಿಯುವ ತುದಿ ಎಣ್ಣೆಗೆ ಇಳಿದಿರುವುದಿಲ್ಲ, ಮರ ಬಿಸಿಯನ್ನು ಬೇಗ ಒಯ್ಯುವುದೂ ಇಲ್ಲ, ಹಾಗಾಗಿ ಎಣ್ಣೆಯಿಂದ ತೆಗೆದ ಕ್ಷಣದಲ್ಲೇ ಕೈಗೆ ಕೊಡಬಹುದು. ಸುಡುವುದು ಬೆರಳಲ್ಲ, ನಾಲಿಗೆ: ಹೊದಿಕೆಯ ಒಳಗೆ ಸಿಕ್ಕಿಕೊಂಡ ಆವಿ ಮೊದಲ ಕಡಿತಕ್ಕೆ ಹೊರಗೆ ನುಗ್ಗುತ್ತದೆ. ಸುಡುವ ಮಾತು ಬೇಕೇ ಬೇಕೆಂದರೆ ಅಲ್ಲಿಗೆ ಸಾಗಿಸಿ.